ಡ್ಯಾಮ್ ತುಂಬಿದ್ರೂ ಏಳದ ಬಸಣ್ಣ: ಮೆಡಿಕಲ್ ಕೌಂಟರಿನಿಂದ ಕಂಡ ಒಂದು ಪ್ರಕರಣ

ಮೊದಲ ಒಂದು ಮಾತು ಹೇಳಿಬಿಡ್ತೀನಿ. ಇದು ನಡೆದದ್ದು ರಾಯಚೂರು ಜಿಲ್ಲೆಯಾಗ, ತುಂಗಭದ್ರಾ ಎಡದಂಡಿ ಕಾಲುವಿ ಕೆಳಗಿನ ಒಂದು ಊರಾಗ. ಯಾವ ಊರು ಅಂತ ಹೇಳಂಗಿಲ್ಲ, ಹೆಸರು ಬದಲಾಯಿಸೀನಿ, ಮನಿಯ ಒಂದೆರಡು ವಿವರಾನೂ ಬೇಕಂತನ ತಿರುವಿ ಬರದೀನಿ. ಬಸಣ್ಣ ಅಂತ ಕರಿಯೋಣ. ಅವನನ್ನ, ಅವನ ಹೆಣ್ತಿನ ಇಬ್ಬರನ್ನೂ ಕೇಳೇ ಬರದದ್ದು, ಬರದ ಮ್ಯಾಲ ಓದಿ ತೋರ್ಸೀನಿ, ಎರಡು ಕಡಿ "ಇದು ಬ್ಯಾಡ ತಮ್ಮಾ" ಅಂದ್ರು, ತೆಗದೀನಿ. ನಾನು ಡಾಕ್ಟರಲ್ಲ. ಡಿ.ಫಾರ್ಮಾ ಮಾಡಿ 14 ವರ್ಷದಿಂದ ಮೆಡಿಕಲ್ ಅಂಗಡಿ ನಡಸ್ತೀನಿ. ಈ ಪ್ರಕರಣದಾಗ ನನ್ನ ತಪ್ಪು ಎರಡು ಅದಾವ, ಅವನ್ನೂ ಮುಚ್ಚಿಡಂಗಿಲ್ಲ.

ಬಸಣ್ಣನ ವಯಸ್ಸು 36. ನನಗಿಂತ ಎರಡು ವರ್ಷ ದೊಡ್ಡಾವ, ಸಣ್ಣಂದಿನಿಂದ ಗೊತ್ತು, ಹಂಗಾಗಿ ಏಕವಚನ. ಸ್ವಂತದ್ದು 5 ಎಕರೆ ಗದ್ದಿ, ಲೀಜಿಗೆ ಇನ್ನೊಂದು 3 ಎಕರೆ, ಸೋನಾ ಮಸೂರಿ ಹಚ್ತಾನ. ಕುಡಿಯಂಗಿಲ್ಲ. ಮನ್ಯಾಗ ತಾಯಿ, ಹೆಣ್ತಿ, ಎರಡು ಮಕ್ಕಳು. ಅವನ ದೊಡ್ಡಪ್ಪ ಒಬ್ಬಾವ "ತಲಿ ಕೆಟ್ಟು" ಊರು ಬಿಟ್ಟು ಹೋಗಿದ್ದ ಅಂತ ಊರಾಗ ಎಲ್ಲರಿಗೂ ಗೊತ್ತು, ಆದ್ರ ಆ ಮಾತು ಅವರ ಮನ್ಯಾಗ ಯಾರೂ ತೆಗಿಯಂಗಿಲ್ಲ. ಇದನ್ನ ನೆನಪಿಟ್ಕೊಳ್ರಿ, ಮುಂದ ಬರ್ತೈತಿ.

ಶುರು ಆದದ್ದು 2024ರ ಜೂನ್ ತಿಂಗಳಾಗ ಅಂತ ಈಗ ಕುಂತು ಲೆಕ್ಕ ಹಾಕಿದ್ರ ಗೊತ್ತಾಗ್ತೈತಿ. ಅವಾಗ ಯಾರಿಗೂ ಗೊತ್ತಾಗ್ಲಿಲ್ಲ. ಮೊದಲ ಗ್ಯಾಸಿನ ಗುಳಗಿ ಒಯ್ದ. ಆಮ್ಯಾಲ "ಮೈಯಾಗ ತ್ರಾಣ ಇಲ್ಲ ಮಾರಾಯ, ಏನಾರ ಟಾನಿಕ್ ಕೊಡು" ಅಂದ. ಆಮ್ಯಾಲ ತಲಿಶೂಲಿ. ಒಂದೂವರೆ ತಿಂಗಳದಾಗ ಆರೇಳು ಸಲ ಬಂದಾನ, ಪ್ರತಿ ಸಲ ಒಂದೊಂದು ಗುಳಗಿ ಒಯ್ದಾನ, ನಾನು ಕೊಟ್ಟೀನಿ ರೊಕ್ಕ ತಗೊಂಡೀನಿ. ನಮ್ಮ ಕಡಿ ಮಂದಿ "ನನಗ ಮನಸ್ಸಿಗೆ ಆರಾಮಿಲ್ಲ" ಅಂತ ಬಂದು ಹೇಳಂಗಿಲ್ಲ. ಎದಿ ಭಾರ ಅಂತಾರ, ಹೊಟ್ಟ್ಯಾಗ ಸಂಕಟ ಅಂತಾರ, ಕೈಕಾಲು ಜೋಮು ಹಿಡಿತಾವ ಅಂತಾರ, ಬಾಳಂದ್ರ "ಬ್ಯಾಸರ" ಅಂತಾರ, ಆ ಬ್ಯಾಸರ ಅನ್ನೋ ಒಂದು ಶಬ್ದದಾಗ ಸಿನಿಮಾ ಚಂದ ಇಲ್ದಿದ್ರ ಬರೋ ಬ್ಯಾಸರಾನೂ ಐತಿ, ಜೀವ ಬ್ಯಾಡಾಗೋ ಬ್ಯಾಸರಾನೂ ಐತಿ.

ಅಷ್ಟ್ರಾಗ ಆಗಸ್ಟ್ 10ರ ರಾತ್ರಿ ಟಿಬಿ (ತುಂಗಭದ್ರಾ) ಡ್ಯಾಮಿನ 19ನೇ ಗೇಟಿನ ಚೈನು ಹರದು ಗೇಟು ಕೊಚ್ಚಿ ಹೋತು. ಆ ವಾರ ಇಲ್ಲಿ ಯಾವ ರೈತ ನಿದ್ದಿ ಮಾಡ್ಯಾನ ಹೇಳ್ರಿ. ಸಸಿ ನಾಟಿ ಆಗಿತ್ತು, ತುಂಬಿದ ಡ್ಯಾಮ್ ಖಾಲಿ ಮಾಡ್ತಾರಂತ ಟಿವಿಯಾಗ ತೋರಿಸ್ತಿದ್ರು. ಬಸಣ್ಣ ಹಾಸಿಗಿ ಬಿಟ್ಟು ಏಳವಲ್ಲ ಅಂದ್ರ ಎಲ್ಲರೂ ಅಂದದ್ದು ಒಂದ: "ಗೇಟಿನ ಚಿಂತಿ." ನಾನೂ ಅದನ್ನ ಅಂದೆ. ಬಾಳ ಸರಿಯಾದ ಕಾರಣ, ಯಾರೂ ಅನುಮಾನ ಪಡಲಾರದಂಥ ಕಾರಣ. ಮುಂದ ಒಂದು ವಾರದಾಗ ಹರಿಯೋ ನೀರಿನಾಗನ ಸ್ಟಾಪ್‌ಲಾಗ್ ಅನ್ನೋ ಉಕ್ಕಿನ ಅಡ್ಡಹಲಗಿ ಇಳಿಸಿ ತಡದ್ರು, ಮ್ಯಾಲ ಮಳಿನೂ ಬಂತು, ಸೆಪ್ಟೆಂಬರಿನಾಗ ಡ್ಯಾಮ್ ಮತ್ತ ತುಂಬಿತು, ಊರಿಗೂರ ಉಸಿರು ಬಿಟ್ತು. ಬಸಣ್ಣ ಏಳಲಿಲ್ಲ.

ಇದು ಮೊದಲನೇ ತಿರುವು, ಇದನ್ನ ಹಿಡದದ್ದು ಅವನ ಹೆಣ್ತಿ. ಅಂಗಡಿಗೆ ಬಂದು ಅಂದ್ರು, "ತಮ್ಮಾ, ನೀರು ಬಂದೈತಿ, ಬೆಳಿ ನಿಂತೈತಿ, ಇವ್ರು ಯಾಕ ಹಿಂಗದಾರ?" ನಾನು ಆವತ್ತು ಮೊದಲನೇ ಸಲ ಸರಿಯಾಗಿ ಕೇಳಿದೆ. ನಿದ್ದಿ? ಮುಂಜಾನಿ ಮೂರಕ್ಕ ಎಚ್ಚರ ಆಗ್ತೈತಿ, ಮತ್ತ ಹತ್ತಂಗಿಲ್ಲ. ಊಟ? ಎರಡು ರೊಟ್ಟಿ ತಿನ್ನಾವ ಅರ್ಧಕ್ಕ ಕೈ ತೊಳಿತಾನ, ಪ್ಯಾಂಟು ಸೊಂಟದಾಗ ನಿಲ್ಲವಲ್ದು. ಮುಂಜಾನಿ ಬಾಳ ಕಷ್ಟ, ಸಂಜಿಕ್ಕ ಸ್ವಲ್ಪ ಹಗರ. ಗದ್ದಿಗೆ ಹೋಗಂಗಿಲ್ಲ, ಮಗಳ ಜೋಡಿ ಮಾತಿಲ್ಲ, "ನನ್ನಿಂದನ ಮನಿ ಹಾಳಾತು" ಅಂತ ಒಂದ ಮಾತು. ಎಷ್ಟು ದಿನದಿಂದ ಅಂದ್ರ "ಅಜಮಾಸ ಮೂರು ತಿಂಗಳು". ಎರಡು ವಾರ, ದಿನದ ಬಾಳ ಹೊತ್ತು, ಹೆಚ್ಚುಕಮ್ಮಿ ದಿನಾ, ಹಿಂಗ ಇತ್ತಂದ್ರ ಡಾಕ್ಟರಿಗೆ ತೋರಿಸಬೇಕು ಅಂತ ನಾವು ಓದಿರ್ತೀವಿ, ಇಲ್ಲಿ ಮೂರು ತಿಂಗಳು. ಮತ್ತ ಲೆಕ್ಕ ನೋಡ್ರಿ, ಗೇಟು ಮುರಿಯೋಕಿಂತ ಎರಡು ತಿಂಗಳು ಮೊದಲ ಶುರು ಆಗೇತಿ.

ಅವತ್ತ ಸಂಜಿಕ್ಕ ಅವರ ಮನಿಗೆ ಹೋಗಿ ಬಸಣ್ಣನ ಪಕ್ಕ ಕುಂತು ನೇರ ಕೇಳಿದೆ, "ಸಾಯಬೇಕು ಅಂತ ಏನಾರ ಅನಸ್ತೈತೇನು?" ಕೇಳಿದ್ರ ಇಲ್ಲದ್ದು ತಲಿಗೆ ಬರ್ತೈತಿ ಅಂತ ಬಾಳ ಮಂದಿ ಅಂಜ್ತಾರ, ಹಂಗಾಗಂಗಿಲ್ಲ, ಕೇಳಿದ್ರ ಹಗರ ಆಗೋರ ಜಾಸ್ತಿ. ಅವ ಬಾಳ ಹೊತ್ತು ಸುಮ್ಮನ ಕುಂತ. ಆಮ್ಯಾಲ "ರಾತ್ರಿ ಅನಸ್ತೈತಿ" ಅಂದ. ಅಕ್ಕಾರು, ಅಂದ್ರ ಅವನ ಹೆಣ್ತಿ, ಒಂದು ಮಾತು ಆಡಲಿಲ್ಲ, ಒಳಗ ಹೋಗಿ ಹೊಲಕ್ಕ ಹೊಡಿಯೋ ಎಣ್ಣಿ ಡಬ್ಬಿ ಎಲ್ಲಾ ಚೀಲಕ್ಕ ತುಂಬಿ ತಮ್ಮ ಅಣ್ಣನ ಮನ್ಯಾಗ ಕೀಲಿ ಹಾಕಿಸಿ ಬಂದ್ರು. ನಾನು ಹೇಳೋಕಿಂತ ಮೊದಲ. ಈ ಇಡೀ ಪ್ರಕರಣದಾಗ ಒಂದು ಕೆಲಸ ಎಲ್ಲಕಿಂತ ಬಿರ್ರನ ಆಗಿದ್ದಂದ್ರ ಇದ. ನಾನು ಟೆಲಿ ಮಾನಸ್ ನಂಬರ್ 14416 ಅವರಿಬ್ಬರ ಫೋನಿನಾಗೂ ಹಾಕಿಕೊಟ್ಟೆ, ಪುಕ್ಕಟೆ, ಹಗಲು ರಾತ್ರಿ ಕನ್ನಡದಾಗ ಮಾತಾಡ್ತಾರ.

ಮರುದಿನ ತಾಲೂಕಿನ ಒಬ್ಬ ಡಾಕ್ಟರ ಹತ್ರ ಹೋದ್ರು. ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್, ಇಸಿಜಿ ಮಾಡಿಸಿದ್ರು, ಎಲ್ಲಾ ನಾರ್ಮಲ್. ಇದು ಒಳ್ಳೇದ, ಥೈರಾಯ್ಡ್ ಕಡಿಮಿ ಇದ್ರೂ ರಕ್ತ ಕಡಿಮಿ ಇದ್ರೂ ಹಿಂಗ ಸುಸ್ತು ಬರ್ತೈತಿ, ಮೊದಲ ಅದನ್ನ ನೋಡಬೇಕು. ಆಮ್ಯಾಲ ಎಸ್ಸಿಟಾಲೋಪ್ರಾಮ್ 10 ಮಿಲಿಗ್ರಾಂ ದಿನಕ್ಕೊಂದು, ಕ್ಲೊನಾಜೆಪಾಮ್ ಅರ್ಧ ಮಿಲಿಗ್ರಾಂ ರಾತ್ರಿ, ಎರಡು ವಾರಕ್ಕ ಮಾತ್ರ, ಅಂತ ಬರದ್ರು. ತಿಂಗಳು ಬಿಟ್ಟು ಬರ್ರಿ ಅಂದ್ರು. ಖಿನ್ನತೆಗೆ ಎಸ್ಸಿಟಾಲೋಪ್ರಾಮ್ ಸರಿಯಾದ ಗುಳಗಿನ. ಕೆಲಸ ಶುರು ಮಾಡಾಕ ಎರಡರಿಂದ ನಾಕು ವಾರ ಬೇಕು, ಆರಾಮಾದ ಮ್ಯಾಲೂ ಆರೆಂಟು ತಿಂಗಳು ಬಿಡಬಾರ್ದು, ಇದು ಚಟ ಹತ್ತೋ ಗುಳಗಿ ಅಲ್ಲ, ಚಟ ಹತ್ತೋದು ಆ ಇನ್ನೊಂದು ನಿದ್ದಿ ಗುಳಗಿ. ಇದನ್ನೆಲ್ಲಾ ನಾನು ಕೌಂಟರಿನ್ಯಾಗ ಹೇಳಿ ಕಳಿಸಿದೆ, ಬಾಳ ಶಾಣ್ಯಾ ಅನ್ನೋ ಹಂಗ.

ಕೇಳಲಾರದ ಉಳಿದದ್ದು ಒಂದು ಪ್ರಶ್ನಿ. ಮೊದಲ ಎಂದಾರ ಇದರ ಉಲ್ಟಾ ಆಗಿತ್ತೇನು? ಅಂದ್ರ ನಿದ್ದಿ ಇಲ್ದ ವಾರಗಟ್ಟಲೆ ಭಾರಿ ಹುರುಪು, ಬಾಳ ಮಾತು, ಕೈ ಮೀರಿ ಖರ್ಚು? ಮನ್ಯಾಗ ಯಾರಿಗಾರ ಹಿಂಗಿತ್ತೇನು? ಡಾಕ್ಟರು ಕೇಳಲಿಲ್ಲ, ನಾನು ಕೇಳಲಿಲ್ಲ, ಕೇಳಿದ್ರೂ ಮನಿಯವ್ರು ದೊಡ್ಡಪ್ಪನ ವಿಷಯ ಹೇಳ್ತಿದ್ರೋ ಇಲ್ಲೋ. ಡಾಕ್ಟರದ್ದು ತಪ್ಪು ಅಂತ ನಾ ಬೆರಳು ಮಾಡಂಗಿಲ್ಲ, ಹೊರಗ ನೂರು ಮಂದಿ ಪಾಳಿ ಹಚ್ಚಿರ್ತಾರ, ಮತ್ತ ಬರೇ ಮಾರಿ ನೋಡಿದ್ರ ಬರೇ ಖಿನ್ನತೆ ಯಾವ್ದು, ಬೈಪೋಲಾರ್ (ಒಮ್ಮೆ ಖಿನ್ನತೆ, ಒಮ್ಮೆ ಅತೀ ಹುರುಪು ಬರೋ ಕಾಯಿಲೆ) ನಾಗಿನ ಖಿನ್ನತೆ ಯಾವ್ದು ಅಂತ ಗೊತ್ತಾಗಂಗಿಲ್ಲ, ಎರಡೂ ಒಂದ ನಮೂನಿ ಕಾಣ್ತಾವ. ಹಳೇದನ್ನ ಕೆದಕಿದ್ರ ಮಾತ್ರ ತಿಳಿತೈತಿ.

ಮೂರನೇ ವಾರಕ್ಕ ಬಸಣ್ಣ ಎದ್ದ. ನಾಕನೇ ವಾರ ಗದ್ದಿಗೆ ಹೋದ. ಅವರವ್ವ ಅಂಬಾಮಠಕ್ಕ ಹೋಗಿ ಕಾಯಿ ಒಡಿಸಿಕೊಂಡು ಬಂದ್ರು. ತಿಂಗಳಿಗೆ ಡಾಕ್ಟರ ಹತ್ರ ಹೋಗೋದಿತ್ತಲ್ಲ, "ಆರಾಮ ಅದೀನಿ, ಯಾಕ ಹೋಗ್ಲಿ, ಅದ ಗುಳಗಿ ಕೊಡು" ಅಂತ ಹಳೇ ಚೀಟಿ ತಂದ, ನಾನು ಕೊಟ್ಟೆ. ಇದು ನನ್ನ ಮೊದಲನೇ ತಪ್ಪು. ಆರಾಮಾಗ್ಯಾನ ಅಂತ ಖುಷಿಯಾಗಿ ಕೊಟ್ಟೆ, ಮತ್ತ ಖರೇ ಹೇಳಬೇಕಂದ್ರ ಗಿರಾಕಿ ಬ್ಯಾರೆ ಅಂಗಡಿಗೆ ಹೋಗ್ತಾನ ಅನ್ನೋದೂ ತಲಿಯಾಗಿತ್ತು.

ಆರನೇ ವಾರ ಅವ ಬಾಳ ಆರಾಮಾದ. ಅತೀ ಆರಾಮಾದ. ಮುಂಜಾನಿ ಆರಕ್ಕ ನಾ ಶೆಟರ್ ಎತ್ತೋ ಹೊತ್ತಿಗೆ ಬಂದು ನಿಂತಿದ್ದ, ಹೊಸಾ ಬಿಳಿ ಅಂಗಿ, ಹೆಗಲ ಮ್ಯಾಲ ಶಲ್ಲೆ. ಕಾಲುವಿ ಕೆಲಸಕ್ಕ ಬಂದ ಆಳುಗಳಿಗೆ ಹಂಚಬೇಕಂತ ಓಆರ್‌ಎಸ್ ಹತ್ತು ಬಾಕ್ಸ್ ಬೇಕಂದ. ಮಾತು ನಿಲ್ಲವಲ್ದು, ಒಂದರ ಮ್ಯಾಲ ಒಂದು, ನಾ ಬಾಯಿ ತೆರಿಯಾಕ ಜಾಗಾನ ಇಲ್ಲ. ಕೊನಿಗೆ "ಈ ಅಂಗಡಿ ನನಗ ಕೊಟ್ಟುಬಿಡು, ಇದನ್ನ ನಾಕು ತಾಲೂಕಿಗೆ ಬೆಳಸ್ತೀನಿ, ನಿನ್ನ ಮ್ಯಾನೇಜರ್ ಮಾಡ್ತೀನಿ" ಅಂದ. ಮೊದಲ ನಕ್ಕೆ. ಆಮ್ಯಾಲ ನಗು ನಿಂತಿತು, ಯಾಕಂದ್ರ ಅವ ಚ್ಯಾಷ್ಟಿ ಮಾಡಾಕತ್ತಿದ್ದಿಲ್ಲ.

ಅವ ಹೋದ ಮ್ಯಾಲ ಅಕ್ಕಾರಿಗೆ ಫೋನ್ ಹಚ್ಚಿದೆ. ಒಂದ ಪ್ರಶ್ನಿ, "ಅಣ್ಣ ರಾತ್ರಿ ಮಲಗ್ತಾನೇನ್ರಿ?" "ಇಲ್ಲ ತಮ್ಮಾ, ಎಂಟು ಹತ್ತು ದಿನ ಆತು, ಎರಡು ತಾಸು ಮಲಗಿದ್ರ ಬಾಳ ಆತು. ಆದ್ರ ಸುಸ್ತ ಇಲ್ಲ ನೋಡು." ಇದನ್ನ ಸ್ವಲ್ಪ ಒತ್ತಿ ಹೇಳ್ತೀನಿ. ಚಿಂತಿಗೆ ನಿದ್ದಿ ಹತ್ತಲಾರದಾವ ಮರುದಿನ ಹೆಣಧಂಗ ಇರ್ತಾನ, ಕಣ್ಣು ಉರಿತಾವ, ಮಲಗಬೇಕು ಮಲಗಬೇಕು ಅಂತಾನ. ನಿದ್ದಿನ ಬೇಕಾಗಿಲ್ಲ, ಎರಡು ತಾಸಿಗೆ ಎದ್ದು ಎತ್ತಿನಂಗ ದುಡಿತಾನ ಅಂದ್ರ ಅದು ಬ್ಯಾರೆ ಮಾತು. ಅದು ಒಂದು ವಾರ ನಡದ್ರ, ಜೋಡಿಗೆ ದೊಡ್ಡಸ್ತನದ ಮಾತು, ಖರ್ಚು, ಸಿಟ್ಟು ಇದ್ರ, ಅದಕ್ಕ ಮೇನಿಯಾ ಅಂತಾರ. ಖಿನ್ನತೆಯ ಗುಳಗಿಗೆ ಕೆಲವರಲ್ಲಿ ಇದು ಹೊರಗ ಬರ್ತೈತಿ, ಒಳಗ ಬೈಪೋಲಾರ್ ಇದ್ದೋರಿಗೆ. ಎಲ್ಲರಿಗೂ ಅಲ್ಲ, ಆ ಗುಳಗಿ ತಗೊಳ್ಳೋ ಬಾಳ ಮಂದಿಗೆ ಏನೂ ಆಗಂಗಿಲ್ಲ, ಇದನ್ನ ಓದಿ ಅಂಜಿ ಯಾರೂ ಗುಳಗಿ ಬಿಡಬ್ಯಾಡ್ರಿ, ಅನುಮಾನ ಬಂದ್ರ ಬರದ ಡಾಕ್ಟರಿಗೆ ಫೋನ್ ಮಾಡ್ರಿ.

ಅಷ್ಟ್ರಾಗ ಆಗಬಾರದ್ದು ಆಗಿತ್ತು. ಸೆಕೆಂಡ್ ಹ್ಯಾಂಡ್ ಭತ್ತ ಕೊಯ್ಯೋ ಮಷೀನಿಗೆ 2 ಲಕ್ಷ ಅಡ್ವಾನ್ಸ್ ಕೊಟ್ಟು ಬಂದಿದ್ದ, ಹೆಣ್ತಿ ಬಂಗಾರ ಅಡ ಇಟ್ಟು. ಅವರವ್ವ ಮಾತ್ರ ಇನ್ನೂ ಒಪ್ಪವಲ್ರು, "ನನ್ನ ಮಗ ಈಗ ಆರಾಮಾಗ್ಯಾನ, ನೀವು ಮತ್ತ ರೋಗಿ ಮಾಡಾಕ ಹೊಂಟೀರಿ" ಅಂತ ನನ್ನ ಮ್ಯಾಲ ಬೈದ್ರು. ಅವರಿಗೆ ತಿಳಿಸಿದ್ದು ನಾನಲ್ಲ, ಅಕ್ಕಾರು. ಹಳೇ ಲೆಕ್ಕದ ಪುಸ್ತಕ ತಂದು ಇಟ್ರು, 2016ರದ್ದು. ಲಗ್ನಾದ ಹೊಸದಾಗಿ ಬಸಣ್ಣ ಒಂದ ತಿಂಗಳದಾಗ ಟ್ರ್ಯಾಕ್ಟರ್ ಸಾಲ ಮಾಡಿದ್ದು, ಬೋರ್ ಹಾಕಿಸಿದ್ದು, ಜಾತ್ರಿಗೆ ದಾಸೋಹ ಕೊಟ್ಟದ್ದು, ಎಲ್ಲಾ ಅವನ ಕೈಯಾಗನ ಬರದದ್ದು, ಅಕ್ಷರ ದಪ್ಪ ದಪ್ಪ, ಹಾಳಿ ತುಂಬ. ಅದರ ಮುಂದಿನ ನಾಕು ತಿಂಗಳು ಹಾಳಿ ಖಾಲಿ. ಮನ್ಯಾಗ ಆ ತಿಂಗಳನ್ನ "ಅವಾಗ ಹೆಂಗ ದುಡಿತಿದ್ದ ನನ್ನ ಮಗ" ಅಂತ ಹೊಗಳಿ ನೆನಸೋರು. ಬಸಣ್ಣನ ಅವ್ವ ಆ ಪುಸ್ತಕ ನೋಡಿ, "ನಮ್ಮ ಭಾವನೂ ಹಿಂಗ ಬರಿತಿದ್ರು" ಅಂದ್ರಂತ. ದೊಡ್ಡಪ್ಪ. ಎಂಟು ವರ್ಷ ಟ್ರಂಕಿನ್ಯಾಗಿದ್ದ ಡಯಾಗ್ನೋಸಿಸ್ ಹಿಂಗ ಹೊರಗ ಬಂತು.

ನಮ್ಮ ತಾಲೂಕಾಸ್ಪತ್ರಿಗೆ ಮಂಗಳವಾರ ಮನೋವೈದ್ಯರು ಬರ್ತಾರ. ಇಲ್ಲೊಂದು ಅಡ್ಡ ಮಾತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಇಡೀ ದೇಶದಾಗ ನಡೀತೈತಲ್ಲ, 1996ರಾಗ ಶುರು ಆದದ್ದು, ಅದರ ಮಾದರಿ ತಯಾರಾದದ್ದು ನಮ್ಮ ಪಕ್ಕದ ಬಳ್ಳಾರಿಯಾಗ. 1980ರ ದಶಕದಾಗ ನಿಮ್ಹಾನ್ಸ್‌ನವ್ರು ಬಳ್ಳಾರಿ ಜಿಲ್ಲೆಯಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಟ್ರೇನಿಂಗ್ ಕೊಟ್ಟು, ಮನೋರೋಗಕ್ಕ ಊರಾಗನ ಔಷಧಿ ಸಿಗೋ ಹಂಗ ಮಾಡಿ ತೋರಿಸಿದ್ರು, "ಬಳ್ಳಾರಿ ಮಾದರಿ" ಅಂತನ ಅದಕ್ಕ ಹೆಸರು. ನಾನು ಡಿ.ಫಾರ್ಮಾ ಓದಿದ್ದ ಬಳ್ಳಾರಿಯಾಗ, ಆ ಎರಡು ವರ್ಷದಾಗ ಒಬ್ಬರೂ ಇದನ್ನ ಹೇಳಲಿಲ್ಲ.

ಬಸಣ್ಣ ಬರಾಕ ಒಪ್ಪಲಿಲ್ಲ. "ನನಗೇನಾಗೇತಿ, ನಿಮಗ ಹೊಟ್ಟಿಕಿಚ್ಚು." ಎರಡು ದಿನ ಇದರಾಗ ಹೋತು. ಸುಳ್ಳು ಹೇಳಿ ಕರ್ಕೊಂಡು ಹೋಗೋಣ ಅಂತ ಅವನ ತಮ್ಮ ಅಂದ, ಕಟ್ಟಿ ಒಯ್ಯೋಣ ಅಂತ ಮತ್ತೊಬ್ಬ. ಅಕ್ಕಾರು ಎರಡೂ ಬ್ಯಾಡಂದ್ರು. ಬಂಗಾರದ ಮಾತು ತೆಗಿಯಲಿಲ್ಲ, ಹುಚ್ಚು ಅನ್ನಲಿಲ್ಲ, "ನಿಮಗ ನಿದ್ದಿ ಇಲ್ಲ, ಅದಕ್ಕಷ್ಟ ತೋರ್ಸೋಣ, ನನಗೋಸ್ಕರ ಬರ್ರಿ" ಅಂದ್ರು. ನಿದ್ದಿ ಇಲ್ಲ ಅನ್ನೋದು ಅವನಿಗೂ ಗೊತ್ತಿದ್ದ ಖರೇ ಮಾತು, ಬಂದ. ಮನೋವೈದ್ಯರು ನೋಡಿದ ಕೂಡ್ಲೆ ಎಸ್ಸಿಟಾಲೋಪ್ರಾಮ್ ನಿಲ್ಲಿಸಿ ದೊಡ್ಡಾಸ್ಪತ್ರಿಗೆ ಬರದ್ರು. ಅಲ್ಲಿ ಅಡ್ಮಿಟ್ ಆಗಾಕ ಮತ್ತ ಒಲ್ಲೆ ಅಂದ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಹಿಂಗ ತಾನ ನಿರ್ಧಾರ ಮಾಡೋ ಸ್ಥಿತಿಯಾಗ ಇಲ್ಲದಾಗ ಅವನ ಪರವಾಗಿ ಹತ್ತಿರದೋರು ಅರ್ಜಿ ಕೊಡಬಹುದು, ಇಬ್ಬರು ತಜ್ಞರು ಬ್ಯಾರೆ ಬ್ಯಾರೆ ನೋಡಿ ಒಪ್ಪಬೇಕು, ಮೊದಲನೇ ಸಲಕ್ಕ 30 ದಿನ ದಾಟಂಗಿಲ್ಲ. ಅಕ್ಕಾರು ಸಹಿ ಮಾಡಿದ್ರು. ಆ ಸಹಿಗೆ ಅವ ಮುಂದ ಬಾಳ ದಿನ ಅವರ ಮ್ಯಾಲ ಸಿಟ್ಟಿದ್ದ.

16 ದಿನ ಆಸ್ಪತ್ರಿಯಾಗಿದ್ದ. ಓಲಾಂಜಪಿನ್ ಕೊಟ್ಟು ನಿದ್ದಿ ತರಿಸಿದ್ರು, ಕಿಡ್ನಿ, ಥೈರಾಯ್ಡ್ ಟೆಸ್ಟ್ ಮಾಡಿಸಿ ಲಿಥಿಯಂ ಶುರು ಮಾಡಿದ್ರು. ಕೈಯಾಗಿನ ತಾಯತ ತೆಗಿಬೇಕೇನ್ರಿ ಅಂತ ಅವರವ್ವ ಕೇಳಿದ್ರ ಡಾಕ್ಟರು, "ಅದು ಇರಲಿ ಅಮ್ಮಾ, ಇದನ್ನೂ ಬಿಡಬ್ಯಾಡ್ರಿ" ಅಂದ್ರಂತ. ನನ್ನ ಪ್ರಕಾರ ಆ ಒಂದು ಮಾತಿಗೆ ಆ ಮುದುಕಿ ದಿನಾ ರಾತ್ರಿ ತಾವ ಗುಳಗಿ ಎಣಿಸಿ ಕೊಡಾಕ ಶುರು ಮಾಡಿದ್ದು.

ಲಿಥಿಯಂ ಹಳೇ ಔಷಧಿ, ಸರ್ಕಾರಿ ಆಸ್ಪತ್ರಿಯಾಗ ಪುಕ್ಕಟೆ ಸಿಗ್ತೈತಿ, ಬೈಪೋಲಾರ್‌ಗೆ ಬಾಳ ಚಲೋ, ಆತ್ಮಹತ್ಯೆ ಅಪಾಯ ಇಳಸ್ತೈತಿ ಅನ್ನಾಕ ಗಟ್ಟಿ ಆಧಾರ ಇರೋದರಾಗ ಇದು ಮುಂದಿಂದು. ಆದ್ರ ತಕ್ಕಡಿಯಂಗ ನೋಡ್ಕೋಬೇಕು. ರಕ್ತದಾಗ 0.6ರಿಂದ 0.8, ಬಾಳಂದ್ರ 1 ಇರಬೇಕು, ಟೆಸ್ಟಿಗೆ ರಕ್ತ ಕೊಡೋದು ಕೊನೇ ಗುಳಗಿ ತಗೊಂಡ 12 ತಾಸಿಗೆ. ನೀರು ಕಡಿಮಿ ಆದ್ರ, ಉಪ್ಪು ಏಕ್‌ದಮ್ ಬಿಟ್ರ, ಬೇದಿ ಹತ್ತಿದ್ರ ಮಟ್ಟ ಏರ್ತೈತಿ. ಮತ್ತ ನೋವಿನ ಗುಳಗಿ, ಡೈಕ್ಲೋಫೆನಾಕ್, ಐಬುಪ್ರೊಫೆನ್ ನಮೂನಿವು, ಕಿಡ್ನಿ ಲಿಥಿಯಂ ಹೊರಗ ಹಾಕೋದನ್ನ ಕಡಿಮಿ ಮಾಡ್ತಾವ. ಈಗ ನಮ್ಮ ಜಿಲ್ಲಾ ನೆನಸ್ಕೊಳ್ರಿ. ಏಪ್ರಿಲ್ ಬಿಸಲು 40 ದಾಟಿರ್ತೈತಿ, ರೈತನ ಸೊಂಟ ಹಿಡಿಲಾರದ ದಿನ ಇಲ್ಲ, ನೋವಿನ ಗುಳಗಿ ನನ್ನ ಅಂಗಡ್ಯಾಗ ಪೆಪ್ಪರಮೆಂಟಿನಂಗ ಹೋಗ್ತಾವ.

2025ರ ಏಪ್ರಿಲ್. ಭತ್ತದ ಚೀಲ ಎತ್ತಿ ಬಸಣ್ಣನ ಸೊಂಟ ಹಿಡ್ಕೊಂತು. ನಾನು ರಾಯಚೂರಿಗೆ ಹೋಗಿದ್ದೆ. ಅಂಗಡ್ಯಾಗಿನ ಹುಡುಗ ಡೈಕ್ಲೋಫೆನಾಕ್ ಒಂದು ಸ್ಟ್ರಿಪ್ ಕೊಟ್ಟ. ಹುಡುಗನ ತಪ್ಪಲ್ಲ, ಬಸಣ್ಣನ ಹೆಸರಿನ ಮುಂದ ಯಾವ ಗುರ್ತೂ ನಾನು ಇಟ್ಟಿದ್ದಿಲ್ಲ, ಎಲ್ಲಾ ನನ್ನ ತಲಿಯಾಗಿತ್ತು, ತಲಿ ರಾಯಚೂರಾಗಿತ್ತು. ಇದು ಎರಡನೇ ತಪ್ಪು.

ಐದನೇ ದಿನಕ್ಕ ಬೇದಿ, ವಾಂತಿ. ಊರಾಗಿನ ಆರ್‌ಎಂಪಿ (ಡಾಕ್ಟರ್ ಡಿಗ್ರಿ ಇಲ್ದ ಔಷಧಿ ಕೊಡಾವ) "ಬಿಸಲು ಬಡದೈತಿ" ಅಂತ ಸಲೈನ್ ಏರಿಸಿದ, ಮೈಕೈ ನೋವಿಗಂತ ಮತ್ತೊಂದು ನೋವಿನ ಇಂಜೆಕ್ಷನ್ ಜಡದ. ನೋಡ್ರಿ, ಮತ್ತ ಅದ. ಮೊದಲ ಗೇಟು, ಈಗ ಬಿಸಲು. ಕಾರಣ ಕೈಗೆ ಸಿಕ್ಕಕೂಡ್ಲೆ ನಾವು ಹುಡುಕೋದು ಬಿಡ್ತೀವಿ. ಸಂಜಿಕ್ಕ ಅಕ್ಕಾರ ಫೋನ್ ಬಂತು, "ತಮ್ಮಾ, ಚಾದ ಕಪ್ಪು ಹಿಡಿಯಾಕ ಬರವಲ್ದು ಇವರಿಗೆ, ಕೈ ಧಡಧಡ ಅಂತಾವ, ನಡದ್ರ ತೂರಾಡ್ತಾರ, ಮಾತು ತೊದಲ್ತೈತಿ." ಲಿಥಿಯಂನಾಗ ಬೆರಳು ಸಣ್ಣಗ ನಡಗೋದು ಇರ್ತೈತಿ, ಅದಕ್ಕ ಅಂಜೋದೇನಿಲ್ಲ. ಕಪ್ಪು ಹಿಡಿಲಾರದಂಥ ನಡುಕ, ತೂರಾಟ, ತೊದಲು, ಬೇದಿ ಎಲ್ಲಾ ಕೂಡಿದ್ರ ಅದು ವಿಷ ಏರಿದ ಗುರ್ತು. ರಾತ್ರಿ ಗುಳಗಿ ಕೊಡಬ್ಯಾಡ್ರಿ ಅಂದೆ, ಗಾಡಿ ತಗೊಂಡು ಹೋದೆ, ಜಿಲ್ಲಾ ಕೇಂದ್ರ ಮುಟ್ಟೋದ್ರಾಗ ರಾತ್ರಿ ಹನ್ನೊಂದು. ಲೆವಲ್ 1.9 ಬಂತು. ಲಿಥಿಯಂ ನಿಲ್ಲಿಸಿ ಸಲೈನ್ ಹಚ್ಚಿ ದಿನಾ ರಕ್ತ ನೋಡಿದ್ರು, ಕಿಡ್ನಿ ಉಳೀತು, ಐದನೇ ದಿನಕ್ಕ ಮನಿಗೆ ಬಂದ.

ಆಮ್ಯಾಲಿನ ನಿರ್ಧಾರ ನನಗ ಅನಸೋ ಮಟ್ಟಿಗೆ ಈ ಪ್ರಕರಣದ ಅತೀ ಕಠಿಣ ನಿರ್ಧಾರ. ನಾನಾಗಿದ್ರ ಅಂಜಿ ಲಿಥಿಯಂ ಬ್ಯಾಡ ಅಂತಿದ್ದೆ. ಡಾಕ್ಟರು ಎರಡೂ ಮುಂದ ಇಟ್ರು. ವಾಲ್ಪ್ರೊಯೇಟ್‌ಗೆ ಹೋಗಬಹುದು, ನೀರು ಉಪ್ಪಿನ ಈ ಕಾಟ ಇಲ್ಲ, ಆದ್ರ ಲಿವರ್ ನೋಡ್ಕೋಬೇಕು, ತೂಕ ಏರ್ತೈತಿ. ಲಿಥಿಯಂ ನಿನಗ ಹೊಂದೈತಿ, ಐದಾರು ತಿಂಗಳು ಮನಸ್ಸು ನೆಟ್ಟಗಿತ್ತು, ಡೋಸ್ ಇಳಿಸಿ ಮತ್ತ ಕೊಡಬಹುದು, ಆದ್ರ ನೋವಿನ ಗುಳಗಿ ಮುಟ್ಟಂಗಿಲ್ಲ. ಬಸಣ್ಣ ಎರಡು ದಿನ ಟೈಮ್ ಕೇಳಿದ. ಆಮ್ಯಾಲ ಅಂದ, "ಸೊಂಟ ನೋವು ತಡಕೊಂತೀನಿ ಸರ್, ಹೋದ ಮುಂಗಾರಿನ ರಾತ್ರಿ ಮತ್ತ ಬ್ಯಾಡ." 600 ಮಿಲಿಗ್ರಾಂ ಶುರು ಆತು, ಲೆವಲ್ 0.6ರ ಆಜೂಬಾಜೂ ನಿಂತೈತಿ, ಮೂರು ತಿಂಗಳಿಗೊಮ್ಮೆ ಟೆಸ್ಟ್.

ಈಗ ಅವನ ಅಂಗಿ ಕಿಸೆದಾಗ ಒಂದು ಚೀಟಿ ಐತಿ, ನಾನ ಬರದು ಲ್ಯಾಮಿನೇಟ್ ಮಾಡ್ಸಿಕೊಟ್ಟೀನಿ: ನಾನು ಲಿಥಿಯಂ ತಗೋತೀನಿ, ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ವಾಂತಿ ಬೇದಿ ಆದ್ರ ಲಿಥಿಯಂ ನಿಲ್ಲಿಸಿ ಡಾಕ್ಟರಿಗೆ ಫೋನ್. ನನ್ನ ಬಿಲ್ಲಿಂಗ್ ಕಂಪ್ಯೂಟರಿನ್ಯಾಗ ಅವನ ಹೆಸರು ಹೊಡದ್ರ ಕೆಂಪು ಅಕ್ಷರ ಬರ್ತೈತಿ. ಹಿಂಗ ಕೆಂಪಾದ ಹೆಸರು ಈಗ ಅವನೊಬ್ಬನದ ಅಲ್ಲ.

ಎಲ್ಲಾ ಸುಸೂತ್ರ ಆತು ಅನ್ನಂಗಿಲ್ಲ. ಮಷೀನಿನ ಅಡ್ವಾನ್ಸಿನ್ಯಾಗ ಅರ್ಧ ತಿರುಗಿ ಬಂದೈತಿ, ಬಂಗಾರ ಇನ್ನೂ ಅಡವಿನ್ಯಾಗ ಐತಿ. ಲೀಜಿನ ಹೊಲ ಬಿಟ್ಟ. ಒಂದಿನ ಅಂಗಡಿ ಕಟ್ಟಿ ಮ್ಯಾಲ ಕುಂತು, "ಆ ಹುರುಪು ಇತ್ತಲ್ಲ, ಅದು ನೆನಪಾಗ್ತೈತಿ ನೋಡೋ, ಅಷ್ಟು ಚಂದ ಎಂದೂ ಅನಿಸಿದ್ದಿಲ್ಲ" ಅಂದ. ಏನು ಹೇಳಬೇಕು ತಿಳಿಲಿಲ್ಲ, ಚಾ ತರಿಸಿದೆ.

ಅಕ್ಕಾರು ಗೊಬ್ಬರದ ಅಂಗಡಿಯವ್ರು ಕೊಟ್ಟ ಕ್ಯಾಲೆಂಡರಿನ್ಯಾಗ ದಿನಾ ಅವ ಎಷ್ಟು ತಾಸು ಮಲಗಿದ ಅಂತ ಬರಿತಾರ. ಎರಡು ರಾತ್ರಿ ನಾಕು ತಾಸಿಗಿಂತ ಕಡಿಮಿ ಆತಂದ್ರ ಯಾರನ್ನೂ ಕೇಳಲಾರದ ಡಾಕ್ಟರಿಗೆ ಫೋನ್ ಮಾಡೋದು ಅಂತ ಮೂವರೂ ಕುಂತು ಮಾತಾಡ್ಕೊಂಡಾರ, ಬಸಣ್ಣನ ಅದಕ್ಕ ಸಹಿ ಹಾಕ್ಯಾನ, ಕ್ಯಾಲೆಂಡರಿನ ಮ್ಯಾಲನ. ಹೋದ ತಿಂಗಳು ಮಗಳಿಗೆ ಜ್ವರ ಬಂದು ಅವ ಎರಡು ರಾತ್ರಿ ಅದರ ಪಕ್ಕ ಕುಂತಿದ್ದ, ಮೂರು ತಾಸು, ಮೂರು ತಾಸು ಅಂತ ಬರದಿತ್ತು. ಕಾರಣ ಕಣ್ಣಿಗೆ ಕಾಣೋ ಹಂಗಿತ್ತು, ಆದ್ರೂ ಅಕ್ಕಾರು ಫೋನ್ ಮಾಡಿದ್ರು. ಡಾಕ್ಟರು ನಾಕು ಪ್ರಶ್ನಿ ಕೇಳಿ, ಇವತ್ತು ರಾತ್ರಿ ಮಗಳ ಹತ್ರ ನೀವು ಕುಂದರ್ರಿ, ಅವನನ್ನ ಬ್ಯಾರೆ ಖೋಲ್ಯಾಗ ಮಲಗಸ್ರಿ, ನಾಳೆ ಹೇಳ್ರಿ ಅಂದ್ರಂತ. ಮೂರನೇ ದಿನದ ಚೌಕದಾಗ 8 ಅಂತ ಬರದೈತಿ.